ಕಾಲು ಜೋಮು, ಮನಸ್ಸಿಗೆ ಬೇಸರ: ಅಶ್ವಗಂಧಕ್ಕಿಂತ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ

ಆರು ತಿಂಗಳಿಂದ ಪಾದ ಜೋಮು, ಮರೆವು, ಸುಮ್ಸುಮ್ನೆ ಅಳು, ನಾನು ಶುದ್ಧ ಸಸ್ಯಾಹಾರಿ, ಇಂಗ್ಲಿಷ್ ಔಷಧಿ ಬೇಡ, ನರಕ್ಕೂ ಮನಸ್ಸಿಗೂ ಬಲ ಬರುವಂಥ ಆಹಾರ, ಗಿಡಮೂಲಿಕೆ ಹೇಳಿ, ಅಶ್ವಗಂಧ ಶುರು ಮಾಡಲಾ ಅಂತ ಕೇಳಿದ್ದೀರಿ. ಓದುವಾಗ ಐದು ವರ್ಷದ ಹಿಂದಿನ ನನ್ನ ಕಥೆಯೇ ಓದಿದ ಹಾಗಾಯಿತು. ನಾನು ಡಾಕ್ಟರ್ ಅಲ್ಲ, ಅನುಭವಿಸಿದವಳು. ಈ ವಾರವೇ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಅಶ್ವಗಂಧ ಅಲ್ಲಿವರೆಗೆ ಕಾಯಲಿ.

ನನಗೆ ಮೊದಲು ಕಾಲ್ಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಕೂತು ಕೂತು ಹೀಗೆ ಅಂದುಕೊಂಡೆ. ಒಂದು ದಿನ ತರಕಾರಿ ತರುವಾಗ ಹಿಂದಿನಿಂದ ಒಬ್ಬ ಹುಡುಗ "ಅಕ್ಕಾ, ನಿಮ್ಮ ಚಪ್ಪಲಿ" ಅಂತ ಕೂಗಿದ. ತಿರುಗಿ ನೋಡಿದರೆ ಎಡಗಾಲಿನ ಚಪ್ಪಲಿ ಹತ್ತು ಹೆಜ್ಜೆ ಹಿಂದೆ ಬಿದ್ದಿದೆ. ಬಿಸಿ ರಸ್ತೆ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಸಾಕು, ಮೈ ವಾಲುತ್ತಿತ್ತು, ಗೋಡೆ ಹಿಡಿದುಕೊಳ್ಳುತ್ತಿದ್ದೆ. ಕಾಲು ಎಲ್ಲಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವ ನರಗಳು ಸೋತಾಗ ಆ ಕೆಲಸವನ್ನು ಕಣ್ಣು ಮಾಡುತ್ತದಂತೆ, ಕಣ್ಣು ಮುಚ್ಚಿದ ಕೂಡಲೇ ಆಸರೆ ತಪ್ಪುತ್ತದೆ. ಇದೆಲ್ಲ ಆಮೇಲೆ ಗೊತ್ತಾದದ್ದು. ಆಗ ಮನೆಯಲ್ಲಿ ಎಲ್ಲರಿಗೂ ಕಂಡದ್ದು ನನ್ನ ಸಿಡುಕು ಮತ್ತು ಅಳು ಮಾತ್ರ. ತೋರಿಸಿದ ಮೊದಲ ಡಾಕ್ಟರು ಟೆನ್ಷನ್ ಅಂದರು. ಅಂಗಡಿಯವರು ನರ ದೌರ್ಬಲ್ಯಕ್ಕೆ ಅಂತ ಟಾನಿಕ್ ಕೊಟ್ಟರು. ಹೀಗೇ ಎಂಟು ತಿಂಗಳು ಹೋಯಿತು, ಆ ಎಂಟು ತಿಂಗಳ ಬಗ್ಗೆ ನನಗೆ ಇವತ್ತಿಗೂ ಸಂಕಟ ಇದೆ.

ಕೊನೆಗೆ ಇನ್ನೊಬ್ಬ ಡಾಕ್ಟರು ಪರೀಕ್ಷೆ ಬರೆದುಕೊಟ್ಟರು. ಬಿ12 ಬಂದದ್ದು 118 (pg/mL ಲೆಕ್ಕದಲ್ಲಿ). ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ, 200ರಿಂದ 300ರ ನಡುವೆ ಇದ್ದರೂ ಲಕ್ಷಣ ಇದ್ದರೆ ಬಿಡುವ ಹಾಗಿಲ್ಲ.

ನರದ ಮೇಲೆ ವೈರಿನ ಪ್ಲಾಸ್ಟಿಕ್ ಹೊದಿಕೆಯಂಥ ಒಂದು ಪದರ ಇರುತ್ತದೆ, ಮೈಲಿನ್ ಅಂತ. ಅದು ಗಟ್ಟಿಯಾಗಿರಬೇಕಾದರೆ ಬಿ12 ಬೇಕು. ಬಿ12 ಕಡಿಮೆಯಾದಾಗ ಕೈಕಾಲಿನ ನರ, ಬೆನ್ನುಹುರಿ, ಮೆದುಳು ಎಲ್ಲಕ್ಕೂ ಪೆಟ್ಟು ಬೀಳುತ್ತದೆ, ಅದಕ್ಕೇ ಜೋಮು, ಮರೆವು, ಬೇಸರ ಒಟ್ಟಿಗೆ ಬರುವುದು. ತುಂಬಾ ತಡವಾದರೆ ನರಕ್ಕಾದ ಹಾನಿ ಪೂರ್ತಿ ವಾಪಸ್ ಬರದೇ ಇರಬಹುದು. ನಿಮಗೆ ಅವಸರ ಮಾಡುತ್ತಿರುವುದು ಇದಕ್ಕೇ.

ಈ ವಿಟಮಿನ್ನನ್ನು ತಯಾರಿಸುವುದು ಬ್ಯಾಕ್ಟೀರಿಯಾ. ಸೊಪ್ಪು, ಕಾಳು, ರಾಗಿ ಎಷ್ಟೇ ತಿಂದರೂ ಸಿಗುವುದಿಲ್ಲ. ಸ್ಪಿರುಲಿನಾ ಅನ್ನುವ ಪಾಚಿಯ ಪುಡಿಯಲ್ಲಿ ಇದೆ ಅಂತ ಮಾರುತ್ತಾರೆ, ಅದರಲ್ಲಿರುವುದು ಬಹುಪಾಲು ನಮ್ಮ ಮೈಗೆ ಉಪಯೋಗಕ್ಕೆ ಬಾರದ ರೂಪ. ಸಸ್ಯಾಹಾರಿಗಳಿಗೆ ಗತಿ ಅಂದರೆ ಹಾಲು, ಮೊಸರು, ಪನೀರ್. ದಿನಕ್ಕೆ ಬೇಕಾದದ್ದು ಸುಮಾರು 2.4 ಮೈಕ್ರೋಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ ಅದರ ಅರ್ಧದಷ್ಟು ಇರುತ್ತದೆ. ನಾನು ಕುಡಿಯುತ್ತಿದ್ದದ್ದು ಎರಡು ಲೋಟ ಕಾಫಿಯಲ್ಲಿ ಇರುವಷ್ಟು ಹಾಲು, ಊಟಕ್ಕೆ ನೀರು ಮಜ್ಜಿಗೆ. ಜೊತೆಗೆ ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಗ್ಯಾಸ್ಟ್ರಿಕ್ ಮಾತ್ರೆ. ಊಟದಲ್ಲಿರುವ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು, ಆ ಮಾತ್ರೆ ಆಮ್ಲವನ್ನೇ ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೂ ಬಿ12 ಕಡಿಮೆಯಾಗಬಹುದು. ಲಿವರಿನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ಬೇಗ ಗೊತ್ತಾಗುವುದಿಲ್ಲ.

ನನಗೆ ಮೊದಲು ಇಂಜೆಕ್ಷನ್ ಕೊಟ್ಟರು, ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ತಿಂಗಳಿಗೊಂದು. ದಾಳಿಂಬೆ ರಸದ ಹಾಗೆ ಕೆಂಪಗಿರುತ್ತದೆ. ಬಿ12 ಅಣುವಿನ ನಡುವೆ ಕೋಬಾಲ್ಟ್ ಲೋಹ ಇದೆ, ಬಿ12ಕ್ಕೆ ಕೋಬಾಲಮಿನ್ ಅನ್ನುವ ಇನ್ನೊಂದು ಹೆಸರು ಬಂದದ್ದು ಅದರಿಂದಲೇ. ಮೊದಲ ಕೆಲವು ವಾರ ಜೋಮು ಜಾಸ್ತಿ ಆದಂತೆ ಅನ್ನಿಸಿತು, ಹೆದರಿದೆ, ಕೆಲವರಿಗೆ ಹಾಗಾಗುತ್ತದೆ ಅಂತ ಡಾಕ್ಟರು ಧೈರ್ಯ ಹೇಳಿದರು. ಎರಡು ತಿಂಗಳಿಗೆ ಅಳು ನಿಂತಿತು, ಮಕ್ಕಳ ಮೇಲೆ ರೇಗುವುದು ಕಡಿಮೆಯಾಯಿತು. ಕಾಲು ಸರಿಹೋಗಲು ಒಂದು ವರ್ಷವೇ ಹಿಡಿಯಿತು. ಎಡಗಾಲಿನ ಕಿರುಬೆರಳು ಇವತ್ತಿಗೂ ಸ್ವಲ್ಪ ಮರಗಟ್ಟಿದ ಹಾಗೇ ಇದೆ.

ಇನ್ನು ಗಿಡಮೂಲಿಕೆ. ನಮ್ಮ ಶಿವಮೊಗ್ಗ ಕಡೆ ಒಂದೆಲಗವನ್ನೇ ಬ್ರಾಹ್ಮಿ ಅನ್ನುತ್ತಾರೆ, ಆದರೆ ಬ್ರಾಹ್ಮಿ ಅಂತ ಬಾಟಲಿಯಲ್ಲಿ ಬರುವುದು ಎಷ್ಟೋ ಸಲ ಬೇರೆಯೇ ಗಿಡ, ನೀರುಬ್ರಾಹ್ಮಿ. ಒಂದೆಲಗದ ತಂಬುಳಿ ನಾನು ಈಗಲೂ ವಾರಕ್ಕೆರಡು ಸಲ ಮಾಡುತ್ತೇನೆ, ಸೊಪ್ಪನ್ನು ಜೀರಿಗೆ, ಮೆಣಸು, ತುಪ್ಪದಲ್ಲಿ ಬಾಡಿಸಿ ತೆಂಗಿನಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಹಾಕಿದರೆ ಆಯಿತು. ಹೊಟ್ಟೆಗೆ ತಂಪು, ಬಾಯಿಗೆ ರುಚಿ, ಧಾರಾಳವಾಗಿ ತಿನ್ನಿ. ಅದರಿಂದ ಬಿ12 ತುಂಬುತ್ತದೆ ಅಂತ ಮಾತ್ರ ನಂಬಬೇಡಿ. ಅಶ್ವಗಂಧದಿಂದ ಕೆಲವರಿಗೆ ನಿದ್ದೆ, ಆತಂಕದಲ್ಲಿ ಸ್ವಲ್ಪ ಅನುಕೂಲ ಆಗುವುದುಂಟು. ಆದರೆ ಲಿವರಿಗೆ ತೊಂದರೆ ಆದ ಪ್ರಕರಣಗಳೂ ಇವೆ, ಥೈರಾಯ್ಡ್ ಮೇಲೂ ಪರಿಣಾಮ ಆಗಬಹುದು, ಬಸಿರಿಯರು ತೆಗೆದುಕೊಳ್ಳಲೇಬಾರದು. ಗಿಡದ್ದು ಅಂದಮಾತ್ರಕ್ಕೆ ಸೌಮ್ಯ ಅಂತಲ್ಲ.

ಪರೀಕ್ಷೆಗೆ ಮೊದಲು ಯಾವ ವಿಟಮಿನ್ ಮಾತ್ರೆಯನ್ನೂ ಶುರು ಮಾಡಬೇಡಿ, ರಕ್ತದಲ್ಲಿ ನಂಬರ್ ಏರಿಬಿಟ್ಟರೆ ನಿಜ ಸ್ಥಿತಿ ಗೊತ್ತಾಗುವುದಿಲ್ಲ. ಬರೀ ಫೋಲಿಕ್ ಆಸಿಡ್ ತೆಗೆದುಕೊಂಡರೆ ರಕ್ತ ಸರಿಹೋದ ಹಾಗೆ ಕಾಣುತ್ತದೆ, ಒಳಗೆ ನರ ಹಾಳಾಗುತ್ತಲೇ ಇರುತ್ತದೆ. "ನರದ ಮಾತ್ರೆ"ಗಳಲ್ಲಿ ಬಿ6 ಕೂಡ ಇರುತ್ತದೆ, ಅದು ಹೆಚ್ಚಿನ ಪ್ರಮಾಣದಲ್ಲಿ ಬಹಳ ದಿನ ಹೋದರೆ ಅದರಿಂದಲೇ ಜೋಮು ಬರುತ್ತದೆ. ರಕ್ತ ಕೊಡುವಾಗ ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್ ಕೂಡ ನೋಡಿಸಿ, ಜೋಮಿಗೂ ಬೇಸರಕ್ಕೂ ಅವೂ ಕಾರಣ ಆಗಬಹುದು. ನಡೆಯುವಾಗ ತೂರಾಡುತ್ತಿದ್ದರೆ ರಿಪೋರ್ಟಿಗೆ ಕಾಯದೆ ನರರೋಗ ತಜ್ಞರ ಹತ್ತಿರ ಹೋಗಿ.

ಬಿ12 ಸರಿಯಾಗಿದ್ದು ಮನಸ್ಸು ಮಾತ್ರ ಭಾರ ಅಂತಾದರೆ ಅದಕ್ಕೂ ಚಿಕಿತ್ಸೆ ಇದೆ, ಮುಚ್ಚಿಟ್ಟುಕೊಳ್ಳಬೇಡಿ. ಬದುಕೇ ಬೇಡ ಅನ್ನಿಸಿದ ದಿನವಂತೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡು ಇಲ್ಲ, ಹಗಲು ರಾತ್ರಿ ಯಾವಾಗಲೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಹಾಲು ಮೊಸರು ದಿನಕ್ಕೆ ಎಷ್ಟು, ಗ್ಯಾಸ್ಟ್ರಿಕ್ ಅಥವಾ ಸಕ್ಕರೆ ಮಾತ್ರೆ ಏನಾದರೂ ಇದೆಯಾ ಅಂತ ಪ್ರಶ್ನೆಯಲ್ಲಿ ಬರೆದಿಲ್ಲ. ಡಾಕ್ಟರ ಹತ್ತಿರ ಹೋದಾಗ ಆ ಎರಡನ್ನೂ ಮರೆಯದೆ ಹೇಳಿ. ನಾನು ಗ್ಯಾಸ್ಟ್ರಿಕ್ ಮಾತ್ರೆ ವಿಷಯ ಹೇಳಿದ್ದು ಅವರಾಗಿ ಕೇಳಿದ ಮೇಲೆ.