ಸ್ಟೆಪ್ಪರ್ ಮೋಟಾರಿಗೆ 24 ವೋಲ್ಟ್ ಕೊಡಬಹುದೇ?

ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದ, ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರಿನ ಮೇಲೆ 2.8 ವೋಲ್ಟ್ ಎಂದಿರುವಾಗ 24 ವೋಲ್ಟ್ ಕೊಡಬಹುದೇ, ವೇಗದಲ್ಲಿ ಗ್ಯಾಂಟ್ರಿ (ಟೂಲ್ ಹೊತ್ತು ಚಲಿಸುವ ಚೌಕಟ್ಟು) ಅಂಚಿಗೆ ಬಡಿಯುವುದೇಕೆ ಎಂದು ಕೇಳಿದ್ದೀರಿ. ಮೋಟಾರಿಗೆ ಕರೆಂಟ್ ಹರಿಸುವ ಡ್ರೈವರ್ ಆ ವೋಲ್ಟೇಜನ್ನು ತಾಳುವಂತಿದ್ದು, ಅದರ ಕರೆಂಟ್ ಮಿತಿಯನ್ನು ಮೋಟಾರಿನ ಫೇಸ್ ಕರೆಂಟ್ (ಪ್ರತಿ ಸುರುಳಿಗೆ ನಿಗದಿಯಾದ ಕರೆಂಟ್) ಮೀರದಂತೆ ಹೊಂದಿಸಿದ್ದರೆ ಧಾರಾಳವಾಗಿ ಕೊಡಬಹುದು. ಸುರುಳಿಯ ಇಂಡಕ್ಟೆನ್ಸ್ ಕರೆಂಟ್ ಏರುವುದನ್ನು ನಿಧಾನಿಸುವುದರಿಂದ, ಕಡಿಮೆ ವೋಲ್ಟೇಜಿನಲ್ಲಿ ವೇಗ ಹೆಚ್ಚಿದಂತೆ ಟಾರ್ಕ್ (ತಿರುಗಿಸುವ ಬಲ) ಕುಸಿದು ಸ್ಟೆಪ್ ತಪ್ಪುತ್ತದೆ. ನಿಜವಾದ ಸ್ಥಾನವನ್ನು ಅಳೆಯುವ ಎನ್‌ಕೋಡರ್ ಇಲ್ಲದ ಯಂತ್ರದಲ್ಲಿ ಕಂಟ್ರೋಲರಿಗೆ ಇದು ತಿಳಿಯುವುದೇ ಇಲ್ಲವಾದ್ದರಿಂದ, ಟೂಲ್ ತಾನೆಣಿಸಿದ ಜಾಗದಲ್ಲೇ ಇದೆಯೆಂದು ಭಾವಿಸಿ ಅದು ಗ್ಯಾಂಟ್ರಿಯನ್ನು ಮುಂದಕ್ಕೆ ನೂಕುತ್ತದೆ.

ಕಂಟ್ರೋಲರಿನ ತಂತ್ರಾಂಶವಾದ ಜಿಆರ್‌ಬಿಎಲ್‌ನಲ್ಲಿ $22 ಹೋಮಿಂಗನ್ನೂ (ಆರಂಭದ ಜಾಗವನ್ನು ಹುಡುಕುವ ಸೆಟ್ಟಿಂಗ್) $20 ಸಾಫ್ಟ್ ಲಿಮಿಟನ್ನೂ (ಎಣಿಕೆಯ ಆಧಾರದ ಚಲನೆಯ ಮಿತಿ) ಚಾಲೂ ಮಾಡಿ. ಆದರೆ ಸಾಫ್ಟ್ ಲಿಮಿಟ್ ಸಹ ಅದೇ ಎಣಿಕೆಯನ್ನು ನಂಬುವುದರಿಂದ $21 ಹಾರ್ಡ್ ಲಿಮಿಟ್ (ಅಂಚಿನ ಸ್ವಿಚ್ ತಾಗಿದೊಡನೆ ಯಂತ್ರ ನಿಲ್ಲಿಸುವ ಸೆಟ್ಟಿಂಗ್) ಅನಿವಾರ್ಯವೆಂದೇ ನನ್ನ ಅಭಿಪ್ರಾಯ. ವೈರ್ ಕಡಿದರೂ ಯಂತ್ರ ನಿಲ್ಲುವಂತೆ ನಾರ್ಮಲಿ ಕ್ಲೋಸ್ಡ್ (ಒತ್ತದಿದ್ದಾಗ ಕರೆಂಟ್ ಹರಿಯಬಿಡುವ) ಸ್ವಿಚ್ಚುಗಳನ್ನೇ ಬಳಸಿ. ಪವರ್ ಇರುವಾಗ ಮೋಟಾರ್ ವೈರನ್ನು ದಯವಿಟ್ಟು ಕೀಳಬೇಡಿ, ಡ್ರೈವರ್ ಸುಟ್ಟುಹೋಗಬಹುದು.