ಲಿವರ್ ಅಲುಗಾಡಿದರೆ ಎಂಆರ್‌ಐ ಮಸುಕು

ಪ್ರಶ್ನೆ: ಅಪ್ಪಾಜಿಗೆ ಉಸಿರು ಹಿಡಿಯಲಾಗದೆ ಲಿವರ್ ಎಂಆರ್‌ಐ ಮಸುಕಾಯಿತು, ಮತ್ತೆ ಬರಲು ಹೇಳಿದ್ದಾರೆ. ಬೇರೆ ದಾರಿ ಇಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇದೆ. ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆಯ ಜೊತೆ ಲಿವರ್ ಕೂಡ ಮಾಮೂಲಿ ಉಸಿರಾಟದಲ್ಲೇ ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಜಾರುತ್ತದೆ. ಆಗ ಹೊಟ್ಟೆಯ ಕೊಬ್ಬಿನ ಬಿಳಿ ಗೆರೆ ಲಿವರ್ ಮೇಲೆ ಸಾಲುಸಾಲು ನೆರಳಾಗಿ ಬೀಳುತ್ತದೆ, ಸಣ್ಣ ಗಡ್ಡೆ ಅದರಡಿ ಮುಚ್ಚಿಹೋಗುತ್ತದೆ.

ಉಸಿರು ಹಿಡಿಯಬೇಕಾದ್ದು ಪ್ರತಿ ಸಲ ಸುಮಾರು 15ರಿಂದ 20 ಸೆಕೆಂಡು. ಎದೆ ತುಂಬ ಎಳೆದುಕೊಂಡು ಹಿಡಿದರೆ ಲಿವರ್ ಪ್ರತಿ ಸಲ ಬೇರೆ ಕಡೆ ನಿಲ್ಲುತ್ತದೆ. ಸಹಜವಾಗಿ ಉಸಿರು ಬಿಟ್ಟು ಹಿಡಿದರೆ ಹೆಚ್ಚುಕಮ್ಮಿ ಅದೇ ಜಾಗ. ವಯಸ್ಸಾದವರಿಗೆ ಇದು ತುಸು ಕಷ್ಟವೇ. ಮನೆಯಲ್ಲಿ ಮಲಗಿಸಿ, ಗಡಿಯಾರ ನೋಡಿ ರೂಢಿ ಮಾಡಿಸಿ.

ಅದೂ ಆಗದಿದ್ದರೆ, ಉಸಿರಾಡುತ್ತಲೇ ಮಾಡುವ ನ್ಯಾವಿಗೇಟರ್ ವಿಧಾನ ಕೇಳಿ. ಯಂತ್ರ ವಪೆಯ ಬಲ ಗುಮ್ಮಟವನ್ನೇ ಗಮನಿಸುತ್ತಾ, ಅದು ಸುಮಾರು 5 ಮಿ.ಮೀ. ಮಿತಿಯೊಳಗೆ ಇದ್ದಾಗಿನ ಮಾಹಿತಿಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಕೆಲವು ನಿಮಿಷ ಹಿಡಿಯುತ್ತದೆ. ನಡುವೆ ನಿದ್ದೆ ಹತ್ತಿ ಉಸಿರಿನ ಲಯ ಬದಲಾದರೆ ಇದೂ ಕೆಡುತ್ತದೆ.

ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿಸುವ ಔಷಧ) ಚುಚ್ಚಿದ ಮೇಲಿನ ಆರ್ಟೀರಿಯಲ್ ಹಂತಕ್ಕೆ, ಅಂದರೆ ಔಷಧ ಅಪಧಮನಿಯ ಮೂಲಕ ಲಿವರ್ ತಲುಪುವ ಕೆಲವೇ ಸೆಕೆಂಡುಗಳಿಗೆ, ಮಾತ್ರ ಹಾಗೆ ಕಾಯುವ ಪುರುಸೊತ್ತಿಲ್ಲ. ಅದಕ್ಕೆ ರೇಡಿಯಲ್ ವಿಧಾನ ಅವರಲ್ಲಿದೆಯೇ ವಿಚಾರಿಸಿ: ಮಾಹಿತಿಯನ್ನು ಚಕ್ರದ ಕಡ್ಡಿಗಳಂತೆ ತೆಗೆಯುವುದರಿಂದ ಅಲುಗಾಟ ಸಾಲು ನೆರಳಾಗದೆ ಸಣ್ಣ ಗೀರುಗಳಾಗಿ ಚದುರುತ್ತದೆ.

ಹಿಂದಿನ ಸಲ ಏನಾಯಿತೆಂದು ಟೆಕ್ನಿಶಿಯನ್‌ಗೆ ಮೊದಲೇ ಹೇಳಿಬಿಡಿ. ಅಂದಹಾಗೆ, ಆ ಬೆಳಗ್ಗೆ ಬೆಣ್ಣೆ ದೋಸೆ ಬೇಡ; 4ರಿಂದ 6 ಗಂಟೆ ಹೊಟ್ಟೆ ಖಾಲಿ ಇರಲಿ.