ರೆಡ್ ಅಲರ್ಟ್ ದಿನವೇ ಬಿಸಿಲು ಬಂದರೆ?

ಪ್ರಶ್ನೆ: ನಮ್ಮದು ಬೆಳ್ತಂಗಡಿ ಕಡೆ, ಹೊಳೆ ಬದಿಯ ಮನೆ. ಹೋದ ಮಳೆಗಾಲದಲ್ಲಿ ರೆಡ್ ಅಲರ್ಟ್ ಅಂತ ಶಾಲೆಗೆ ರಜೆ ಕೊಟ್ಟ ದಿನವೇ ಬಿಸಿಲು ಬಂತು. ಈಗ ಅಲರ್ಟ್ ಅಂದರೆ ಸಾಕು, ನಮ್ಮತ್ತೆ ಹಪ್ಪಳ ಒಣಹಾಕುತ್ತಾರೆ! ಇದನ್ನೆಲ್ಲ ನಂಬಬೇಕಾ ಸರ್?

ಉತ್ತರ: ಹಪ್ಪಳ ಒಣಗಲಿ ಬಿಡಿ. ಆದರೆ ಒಂದು ಕಣ್ಣು ಹೊಳೆಯ ಮೇಲಿರಲಿ. ಅಲರ್ಟ್ ಕೊಡುವುದು ಇಡೀ ಜಿಲ್ಲೆಗೆ, ನಿಮ್ಮ ಅಂಗಳಕ್ಕಲ್ಲ. ಒಂದು ದಿನದಲ್ಲಿ ಕೆಲವು ಕಡೆಯಾದರೂ 20 ಸೆಂ.ಮೀ.ಗಿಂತ ಜಾಸ್ತಿ ಮಳೆ ಬೀಳಬಹುದು ಅನ್ನಿಸಿದಾಗ ಸಾಮಾನ್ಯವಾಗಿ ರೆಡ್ ಕೊಡುತ್ತಾರೆ. ಆ 'ಕೆಲವು ಕಡೆ' ಚಾರ್ಮಾಡಿ ಘಟ್ಟವಾದರೆ ನಿಮ್ಮಲ್ಲಿ ಹನಿ ಬೀಳದಿದ್ದರೂ ಹೊಳೆ ತುಂಬುತ್ತದೆ. 2019ರ ಆಗಸ್ಟ್‌ನಲ್ಲಿ ಘಟ್ಟದಿಂದ ಇಳಿದ ನೀರು ನಿಮ್ಮ ತಾಲ್ಲೂಕಿನ ತೋಟಗಳಿಗೆ ಮರ, ಕೆಸರು ತಂದು ಸುರಿದದ್ದು ಅತ್ತೆಯವರಿಗೂ ನೆನಪಿರಬೇಕು.

ಹಾಗಂತ ತಪ್ಪೆಲ್ಲ ಜನರದ್ದೇ ಅನ್ನಲಾರೆ. 1999ರ ಅಕ್ಟೋಬರ್‌ನಲ್ಲಿ ಒಡಿಶಾಕ್ಕೆ ಸೂಪರ್ ಸೈಕ್ಲೋನ್ ಬಂತು. ಗಾಳಿ ಗಂಟೆಗೆ 250 ಕಿ.ಮೀ. ದಾಟಿತ್ತು. ಮುನ್ಸೂಚನೆ ಇರಲಿಲ್ಲವೇ? ಇತ್ತು. ಆದರೆ ಎಲ್ಲಿಗೆ ಹೋಗಬೇಕು, ಯಾವಾಗ ಹೊರಡಬೇಕು ಅನ್ನುವುದು ಎಷ್ಟೋ ಹಳ್ಳಿಗಳಿಗೆ ಗೊತ್ತಾಗಲಿಲ್ಲ. ಹೋಗೋಣ ಅಂದರೂ ಗಟ್ಟಿ ಕಟ್ಟಡಗಳು ಕಡಿಮೆ. ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಅನ್ನುವ ಚಂಡಮಾರುತ ಅದೇ ಒಡಿಶಾದ ಗೋಪಾಲಪುರದ ಬಳಿ ದಡ ಮುಟ್ಟುವ ಹೊತ್ತಿಗೆ ಅಲ್ಲಿ ಆಶ್ರಯ ಕಟ್ಟಡಗಳು ಎದ್ದಿದ್ದವು. ಊರಿನ ಸ್ವಯಂಸೇವಕರು ಮನೆಮನೆಗೆ ಹೋಗಿ ಜನರನ್ನು ಹೊರಡಿಸಿದರು. ಹತ್ತು ಲಕ್ಷದಷ್ಟು ಜನ ಜಾಗ ಬದಲಿಸಿದರು. ಈ ಸಲ ಸಾವು ನೂರನ್ನೂ ಮುಟ್ಟಲಿಲ್ಲ.

ನಮ್ಮಲ್ಲಿ ಈಗಲೂ ಬಣ್ಣ ಹೇಳುತ್ತಾರೆ, ಮಿಲಿಮೀಟರ್ ಹೇಳುತ್ತಾರೆ. 'ಸಂಜೆಯೊಳಗೆ ದನ ಬಿಚ್ಚಿ, ಈ ಶಾಲೆಗೆ ಬನ್ನಿ' ಅಂತ ಹೇಳುವುದು ಕಡಿಮೆ. ಜನ ಮನೆ ಬಿಡದಿರುವುದಕ್ಕೆ ಹಟ್ಟಿಯಲ್ಲಿರುವ ದನ, ಕಪಾಟಿನಲ್ಲಿರುವ ಚಿನ್ನವೇ ಎಷ್ಟೋ ಸಲ ಕಾರಣ. ಅದಕ್ಕೆ ಉತ್ತರವಿಲ್ಲದ ಎಚ್ಚರಿಕೆ ಅರ್ಧ ಎಚ್ಚರಿಕೆ, ಅಲ್ವಾ?

ಹಾಗಾಗಿ ನಿಮ್ಮ ಗುರುತು ನೀವೇ ಮಾಡಿಕೊಳ್ಳಿ. ಹೊಳೆಗೆ ಇಳಿಯುವ ಮೆಟ್ಟಿಲಲ್ಲಿ ಕೆಂಪು ಬಣ್ಣದ ಗೆರೆ ಎಳೆಯಿರಿ. ನೀರು ಅಲ್ಲಿಗೆ ಬಂದರೆ ಯಾರ ಫೋನಿಗೂ ಕಾಯಬೇಡಿ. ನೀರು ದಿಢೀರ್ ಕೆಂಪಾಗಿ, ಸೊಪ್ಪು, ಕೊಂಬೆ ತೇಲಿ ಬಂದರೆ ಗೆರೆಗೂ ಕಾಯಬೇಡಿ. ರೆಡ್ ಅಲರ್ಟ್ ಇದ್ದ ರಾತ್ರಿ ಆಧಾರ್, ಪಹಣಿ, ಅತ್ತೆಯ ಮಾತ್ರೆ ಒಂದೇ ಚೀಲದಲ್ಲಿರಲಿ. ದನವನ್ನು ಕತ್ತಲಾಗುವ ಮೊದಲೇ ಎತ್ತರದ ಜಾಗಕ್ಕೆ ಹೊಡೆಯಿರಿ. ಬೆಳಿಗ್ಗೆ ಬಿಸಿಲು ಬಂದರೆ ವಾಪಸ್ ಕಟ್ಟಿದರಾಯಿತು.